ಸಮುದ್ರದ ದಂಡೆಯಲ್ಲಿ ಒಂದು ಚೆಕಿಂಗ್

ಬಸಮ್ಮಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡ. ಈ ವರ್ಷ ನಾವು ಕೆಂಚನಗುಡ್ಡಕ್ಕೆ ಹೋಗಲಿಲ್ಲ. ಗೋವಾಕ್ಕೆ ಹೋಗಿದ್ದೆವು. ಹೌದು, ಜೀನ್ಸ್ ಹೊಲಿಯುವ ನಾವು ಹನ್ನೊಂದು ಮಂದಿ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ಗೋವಾಕ್ಕೆ! ನೀನಿದ್ದಿದ್ದರೆ ಆ ಟೆಂಪೋ ಬಳ್ಳಾರಿಯ ಗಾಂಧಿನಗರವನ್ನೂ ದಾಟುತ್ತಿರಲಿಲ್ಲ. "ನೀರು ನೋಡಾಕ ಅಷ್ಟು ದೂರ ಯಾಕ ಹೋಗ್ಬೇಕು? ಸಿರುಗುಪ್ಪದ ಕಡೆ ಹೊಳಿ ಇಲ್ಲೇನು?" ಅಂತ ಪ್ರತಿ ವರ್ಷ ಆಯುಧಪೂಜೆಯ ಮರುದಿನ ನಮ್ಮನ್ನೆಲ್ಲ ಕೆಂಚನಗುಡ್ಡದ ದಂಡೆಗೇ ಎಳೆದುಕೊಂಡು ಹೋಗುತ್ತಿದ್ದೆ. ಮಿರ್ಚಿ, ಮಂಡಕ್ಕಿ ಒಗ್ಗರಣೆ, ಮೊಣಕಾಲ ತನಕ ನೀರು, ಸಂಜೆಗೆ ವಾಪಸ್. ನೀನು ಹೋದ ಒಂದೇ ವರ್ಷಕ್ಕೆ ನಮ್ಮ ಹುಡುಗಿಯರ ಬಾಲ ಬಿಚ್ಚಿತು ನೋಡು.

ನೀನು ಇನ್ನೂ ನನ್ನ ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದ ಕಾಲ ನೆನಪಿದೆಯಾ? ನಾನು ಮದುವೆಯಾಗಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ಆರು ತಿಂಗಳು, ಕೆಲಸಕ್ಕೆ ಸೇರಿ ಎರಡೇ ದಿನ. ನಾನು ಹೊಲಿದ ಜೇಬನ್ನು ಕೇಳದೆಯೇ ಎತ್ತಿಕೊಂಡು, ಹೊಲಿಗೆಯ ಆಚೀಚೆ ಎರಡು ಹೆಬ್ಬೆರಳಿಟ್ಟು ಎಳೆದೆ. ಎರಡು ಬಟ್ಟೆಗಳ ನಡುವೆ ದಾರದ ಎಳೆಗಳು ಸಾಲಾಗಿ ಕಂಡವು. "ನೋಡಿಲ್ಲೆ, ಹೆಂಗ ಹಲ್ಲು ಕಿಸಿಯಾಕತ್ತೈತಿ. ಹೊಲಿಗಿ ಹಲ್ಲು ಕಿಸಿದ್ರ ಪೀಸ್ ವಾಪಸ್" ಅಂದೆ. ನನಗೆ ಅಳು ಬಂತು. ಕುರುಗೋಡಿನ ಈ ಹೆಂಗಸಿಗೆ ನನ್ನ ಮೇಲೆ ಏನು ಹಗೆ ಅಂದುಕೊಂಡೆ. ಆಮೇಲೆ ನಿನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ನನ್ನ ಡಬ್ಬಿಯಲ್ಲಿ ಹಾಕಿ, ಅದೇ ಜೇಬನ್ನು ಬಿಚ್ಚಿ ಹೊಲಿಯುವುದನ್ನು ಕಲಿಸಿದೆ. ಅಲ್ಲಿಂದ ಹದಿನೆಂಟು ವರ್ಷ.

ನೀನು ಹೊಲಿಗೆ ಪರೀಕ್ಷಿಸುವ ಚೆಕಿಂಗ್ ಟೇಬಲ್ಲಿಗೆ ಹೋದ ಮೇಲೆ, ಒಮ್ಮೆ ಜ್ವರ ಬಂದಾಗ ಎರಡು ದಿನ ನನ್ನನ್ನು ಅಲ್ಲಿ ಕೂರಿಸಿದ್ದೆಯಲ್ಲ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಒಬ್ಬಳ ಮಗುವಿಗೆ ಹುಷಾರಿಲ್ಲ, ಇನ್ನೊಬ್ಬಳಿಗೆ ಬೆನ್ನುನೋವು, ಮತ್ತೊಬ್ಬಳು ಹಿಂದಿನ ದಿನವಷ್ಟೇ ಗಂಡನ ಕೈಯಲ್ಲಿ ಏಟು ತಿಂದಿದ್ದಳು. ಯಾರ ಪೀಸನ್ನು ವಾಪಸ್ ಮಾಡಲಿ? ಎಲ್ಲಕ್ಕೂ ಚಾಕ್‌ಪೀಸಿನ ಗೀಟು ಎಳೆದು ಪಾಸು ಮಾಡಿದೆ. ವಾರದಲ್ಲಿ ಮಾಲೆಲ್ಲ ವಾಪಸ್ ಬಂತು. ಪಾಸು ಮಾಡಿದ್ದು ಯಾರೆಂದು ನೀನು ಮಾಲಕರಿಗೆ ಹೇಳಲೇ ಇಲ್ಲ. ಮೂರು ದಿನ ನಮ್ಮ ಜೊತೆ ಕೂತು ಬಿಚ್ಚಿದೆ, ಹೊಲಿದೆ. ನಲ್ಲಿಯ ಹತ್ತಿರ ಕೈ ತೊಳೆಯುವಾಗ ಮಾತ್ರ ಮೆಲ್ಲಗೆ, "ರೇಣಿ, ನಿನ್ನ ಕನಿಕರಾ ಮನಿಯಾಗ ಬಿಟ್ಟು ಬಾ. ಪ್ಯಾಂಟ್ ಹಾಕ್ಕೊಂಡಾವ ಕುಂತಾಗ ಅದು ಹರೀತಂದ್ರ, ನಿನ್ನ ಕನಿಕರಾ ಮುಚ್ಚಾಕ ಬರ್ತೈತೇನು?" ಅಂದೆ. ನಾನು ನಕ್ಕೆ. ಆದರೆ ಆ ಟೇಬಲ್ಲಿಗೆ ಮತ್ತೆ ಕೂರುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಕಳೆದ ವರ್ಷ ಜ್ವರವೆಂದು ಮಲಗಿದವಳು ನೀನು ಏಳಲೇ ಇಲ್ಲ. ನಿನ್ನ ಹನ್ನೊಂದನೆಯ ದಿನ ಮುಗಿದ ಮೇಲೆ ಮಾಲಕರು ನನ್ನನ್ನು ಕರೆದು, "ಬಸಮ್ಮನ ಜಾಗದಾಗ ನೀ ಕೂಡಬೇಕವಾ" ಅಂದರು. ಆಗಲ್ಲ ಅಂದೆ. ಯುಗಾದಿ ಮುಗಿದ ಮೇಲೆ ಕೇಳಿದರು, ಆಗಲ್ಲ ಅಂದೆ. ದಸರೆಯ ಮುಂದೆ ಇನ್ನೊಮ್ಮೆ. ಅಷ್ಟರಲ್ಲಿ ನಿನ್ನ ಮಗಳು ಪವಿ ನಮ್ಮ ಸಾಲಿನಲ್ಲೇ ಮಷೀನಿಗೆ ಕೂತಿದ್ದಳು. ತಾಯಿ ಇಲ್ಲದ ಹುಡುಗಿ ಹೊಲಿದದ್ದನ್ನು ಅವಳ ಮುಖಕ್ಕೆ ಹಿಡಿದು, ತಗೋ ಬಿಚ್ಚು ಅನ್ನಲು ನನ್ನಿಂದ ಆಗುತ್ತದಾ? ನೀನೇ ಹೇಳು. ಆ ಟೇಬಲ್ ಹಾಗೇ ಖಾಲಿ ಬಿತ್ತು. ಪ್ಯಾಂಟುಗಳನ್ನು ಎಣಿಸುವವನೇ ಮೇಲೆ ಕೆಳಗೆ ನೋಡಿ ಕಟ್ಟು ಕಟ್ಟುತ್ತಿದ್ದ.

ಗೋವಾದ ಮರಳಿಗೆ ಕಾಲಿಟ್ಟಾಗ ಬೆಳಗಿನ ಎಂಟು ಗಂಟೆ. ಸಮುದ್ರ ನೋಡಿ ಎಲ್ಲರೂ ಹೋ ಎಂದು ಕೂಗಿದರು, ನಾನೂ ಕೂಗಿದೆ. ಬಳ್ಳಾರಿಯ ಬಿಸಿಲಿಗೆ ಒಣಗಿದ ಮೈ ಅಲ್ಲವೇ, ಆ ಗಾಳಿ ಬಡಿದಾಗ ಬಾಯಿ ತನ್ನಷ್ಟಕ್ಕೆ ತೆರೆಯಿತು. ಸೀರೆ ಎತ್ತಿ ಕಟ್ಟಿದವರೆಷ್ಟು, ನೈಟಿಯಲ್ಲೇ ಅಲೆಗೆ ಬಿದ್ದವರೆಷ್ಟು. ನೀರು ಬಾಯಿಗೆ ಹೋಗಿ, "ಅಯ್ಯಯ್ಯ, ಉಪ್ಪು ಸುರಿದಾರಲ್ಲೇ ಯಾರೋ!" ಅಂತ ಒಬ್ಬಳು ಉಗುಳಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಷ್ಟರಲ್ಲಿ ಪವಿ ಆಕಾಶದ ಕಡೆ ಬೆರಳು ಮಾಡಿದಳು. ಬಣ್ಣಬಣ್ಣದ ದೊಡ್ಡ ಬಟ್ಟೆಯ ಕೊಡೆ, ಅದರ ಕೆಳಗೆ ಬೆಲ್ಟಿನಲ್ಲಿ ಕೂತ ಮನುಷ್ಯ, ಮುಂದೆ ಹಗ್ಗ ಕಟ್ಟಿ ಎಳೆಯುವ ದೋಣಿ. ಪ್ಯಾರಾಸೇಲಿಂಗ್ ಅಂತ ಅದಕ್ಕೆ. "ಚಿಗವ್ವಾ, ನಾ ಹಾರತೀನಿ" ಅಂದಳು. ಒಂದು ವರ್ಷದಲ್ಲಿ ಆ ಮುಖದಲ್ಲಿ ಅಷ್ಟು ಬೆಳಕು ನಾನು ಕಂಡಿರಲಿಲ್ಲ. ಬೇಡ ಅನ್ನಲು ಬಾಯಿ ಬರಲಿಲ್ಲ.

ದೋಣಿಯ ಮೇಲೆ ಅವಳಿಗೆ ಬೆಲ್ಟ್ ಬಿಗಿಯುವಾಗ ನಾನು ಮಾಡಿದ್ದನ್ನು ಕೇಳಿದರೆ ನೀನು ನಗುತ್ತೀಯ. ತೊಡೆಗೆ ಸುತ್ತುವ ಪಟ್ಟಿಯಿಂದ ಒಂದು ದಾರದ ತುದಿ ಜೋತಾಡುತ್ತಿತ್ತು. ಜೋತಾಡುವ ದಾರ ಕಂಡರೆ ನಮ್ಮ ಕೈ ಸುಮ್ಮನಿರುತ್ತದಾ? ಸೊಂಟಕ್ಕೆ ಸಿಕ್ಕಿಸಿದ್ದ, ದಾರ ಕತ್ತರಿಸುವ ಕಟ್ಟರ್ ತೆಗೆದು ಕಚಕ್ಕೆಂದು ಕತ್ತರಿಸಿಯೇ ಬಿಟ್ಟೆ. ಗೋವಾಕ್ಕೂ ಕಟ್ಟರ್ ಸಿಕ್ಕಿಸಿಕೊಂಡು ಹೋಗುವವರು ನಾವೇ ಇರಬೇಕು. ಬೆಲ್ಟ್ ಕಟ್ಟುತ್ತಿದ್ದವನು ಕೊಪ್ಪಳದ ಕಡೆಯವನು, ನಲವತ್ತರ ಮೇಲಿನ ಗಂಡಸು, ಹೌಹಾರಿ ನನ್ನ ಕೈ ಹಿಡಿದ. "ಅಕ್ಕಾರ! ಏನ್ ಮಾಡಾಕತ್ತೀರಿ? ಇದರ ಮ್ಯಾಲ ಜೀವ ನಿಂತಿರತೈತಿ!"

ಉಳಿದ ತುದಿಯನ್ನು ಬೆರಳಿಗೆ ಸಿಕ್ಕಿಸಿ ಸುಮ್ಮನೆ ಎಳೆದೆ, ಅಕ್ಕಾ. ಹೊಲಿಗೆ ಸರಸರ ಬಿಚ್ಚಿಕೊಂಡು ಬಂತು. ನಾಲ್ಕು ಬೆರಳಷ್ಟು ಉದ್ದ. ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ನಮ್ಮಪ್ಪ ಚೀಲ ಹೊಲಿಯುತ್ತಿದ್ದ, ಆ ಹೊಲಿಗೆ ನನಗೆ ಗೊತ್ತಿಲ್ಲವೇ? ಸರಿಯಾದ ತುದಿ ಹಿಡಿದು ಎಳೆದರೆ ಚೀಲದ ಬಾಯಿ ಒಂದೇ ಏಟಿಗೆ ಬಿಚ್ಚಬೇಕು, ಅದಕ್ಕೇ ಇರುವ ಹೊಲಿಗೆ ಅದು. ಹರಿದ ಪಟ್ಟಿಯನ್ನು ಯಾರೋ ಅಂಥ ಮಷೀನಿನಲ್ಲಿ ಹೊಲಿದುಕೊಟ್ಟಿದ್ದರು. ಇನ್ನೊಂದು ಕಡೆ ಎರಡು ಹೆಬ್ಬೆರಳಿಟ್ಟು ಎಳೆದೆ. ಹಲ್ಲು ಕಿಸಿಯಿತು.

"ಬಿಚ್ಚು ಪವಿ, ಇದು ಆಗಂಗಿಲ್ಲ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಸುತ್ತ ನೋಡಿದಳು. "ಚಿಗವ್ವಾ, ಎಲ್ಲಾರೂ ನೋಡಾಕತ್ತಾರ, ಸುಮ್ನಿರು." ಆ ಮನುಷ್ಯ, "ಮುಂಜಾನಿಯಿಂದ ಇದರಾಗೇ ಹಾರ್ಯಾರ್ರಿ, ಯಾರಿಗೂ ಏನೂ ಆಗಿಲ್ಲ" ಅಂದ. ನಮ್ಮವರೇ ಇಬ್ಬರು, "ಹೋಗ್ಲಿ ಬಿಡ ರೇಣಿ, ಪಾಪ, ಅವ್ವ ಇಲ್ಲದ ಹುಡುಗಿ, ಆಸಿ ಪಟ್ಟೈತಿ" ಅಂದರು. ಪಾಪ… ಆ ಒಂದು ಮಾತು ಕೇಳಿದ್ದೇ ಮೈ ಉರಿಯಿತು. ಪಾಪ ಅಂದುಕೊಂಡು ಅವಳನ್ನು ಆಕಾಶಕ್ಕೆ ಕಳಿಸಿ, ಆಮೇಲೆ ನಿನಗೆ ನಾನು ಏನು ಹೇಳಲಿ? "ಇದು ವಾಪಸ್" ಅಂದೆ. ಬೆಲ್ಟಿನ ಬಕಲನ್ನು ನಾನೇ ಬಿಚ್ಚಿದೆ. ಹದಿನೆಂಟು ವರ್ಷದಲ್ಲಿ ನಾನು ವಾಪಸ್ ಮಾಡಿದ ಮೊದಲ ಮಾಲು ಅದು.

ಆ ಮನುಷ್ಯ ಪಟ್ಟಿಯನ್ನು ಬಿಸಿಲಿಗೆ ಹಿಡಿದು, ತಾನೂ ಎಳೆದು ನೋಡಿದ. ಉಳಿದ ಹೊಲಿಗೆಯೂ ಬಂತು. ಮುಖದ ಬಣ್ಣವೇ ಹೋಯಿತು ಅವನಿಗೆ. ಆ ಬೆಲ್ಟನ್ನು ಮೂಲೆಗೆ ಎಸೆದು, ಪ್ಲಾಸ್ಟಿಕ್ ಸಹ ಬಿಚ್ಚದ ಹೊಸದೊಂದನ್ನು ತಂದು, "ನೀವಽ ನೋಡ್ರಿ ಅಕ್ಕಾರ" ಅಂತ ನನ್ನ ಕೈಗೇ ಕೊಟ್ಟ. ಒಂದೊಂದು ಹೊಲಿಗೆಯನ್ನೂ ನೋಡಿದೆ. ಎಂಥ ಕೆಲಸ ಅಕ್ಕಾ! ಹೋಗಿ ಬಂದು ಹೋಗಿ ಬಂದು ಹೊಲಿದಿದ್ದರು, ದಾರ ಕಲ್ಲಿನ ಹಾಗೆ ಕೂತಿತ್ತು. ಆದರೂ ಧೈರ್ಯ ಬರಲಿಲ್ಲ. "ಮೊದ್ಲ ನಾ ಹೋಗತೀನಿ" ಅಂದುಬಿಟ್ಟೆ. ಮಾಳಿಗೆ ಹತ್ತಿದರೆ ತಲೆ ತಿರುಗುವ ರೇಣಿ ಅಂದಳು ಈ ಮಾತನ್ನು!

ದೋಣಿ ಓಡಿತು, ಕಾಲ ಕೆಳಗಿನ ಹಲಗೆ ಜಾರಿತು, ಅಷ್ಟೇ. ಕಣ್ಣು ಮುಚ್ಚಿದ್ದೆ. ತೆರೆದಾಗ ನಮ್ಮವರೆಲ್ಲ ಸಣ್ಣ ಗುಂಡಿಗಳಷ್ಟಾಗಿದ್ದರು. ಅಲ್ಲಿ ಏನಿತ್ತು ಗೊತ್ತಾ? ಏನೂ ಸದ್ದಿರಲಿಲ್ಲ. ನಮ್ಮ ಕಿವಿಯಲ್ಲಿ ಮಲಗಿದರೂ ಮಷೀನು ಓಡುತ್ತಲೇ ಇರುತ್ತದಲ್ಲ, ಅದು ನಿಂತುಹೋಯಿತು. ಬರೀ ಗಾಳಿ. ನಿನ್ನ ನೆನಪಾಗಿ ಜೋರಾಗಿ ಅತ್ತೆ, ಯಾರಿಗೂ ಕೇಳಿಸುತ್ತಿರಲಿಲ್ಲವಲ್ಲ. ದುಃಖಕ್ಕೆ ಅತ್ತೆ ಅಂದುಕೊಳ್ಳಬೇಡ. ಅರ್ಧ ರೊಟ್ಟಿ ಕೊಟ್ಟು, ಬೈದು, ನನ್ನ ಹೆಬ್ಬೆರಳುಗಳಿಗೆ ಅಷ್ಟೊಂದು ಬುದ್ಧಿ ಕಲಿಸಿಟ್ಟಿದ್ದೆಯಲ್ಲ… ಆ ಬುದ್ಧಿಯಿಂದ ಅವತ್ತು ನಿನ್ನ ಮಗಳು ಉಳಿದಳು. ಇದನ್ನು ನಿನ್ನೆದುರು ಕೂತು ಹೇಳಬೇಕಿತ್ತು ನಾನು. ಬದುಕಿದ್ದಾಗ ಒಂದು ಸಲವಾದರೂ ನಿನಗೆ "ಉಪಕಾರವಾಯಿತು" ಅಂದಿದ್ದೆನಾ? ಇಲ್ಲ. ಈಗ ಅನ್ನುತ್ತಿದ್ದೇನೆ.

ಕೆಳಗಿಳಿಯುವ ಹೊತ್ತಿಗೆ ಗಾಳಿ ಎದ್ದಿತ್ತು. ಇವತ್ತಿಗೆ ಸಾಕು, ಇನ್ನು ಯಾರನ್ನೂ ಹಾರಿಸುವುದಿಲ್ಲ ಅಂದರು ದೋಣಿಯವರು. ಅಂದರೆ ಆಗಂಗಿಲ್ಲ ಅಂದವಳೇ ಹಾರಿ ಬಂದಳು, ಆಸೆಪಟ್ಟವಳು ಮರಳಿನ ಮೇಲೆ ಕೂತಳು. ಎಲ್ಲರೂ ನನ್ನನ್ನು ಆಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಪವಿ ನಗಲಿಲ್ಲ. ಊಟಕ್ಕೆ ಕೂತಾಗಲೂ ನನಗೆ ಬೆನ್ನು ಮಾಡಿಯೇ ಕೂತಳು. ಸಿಟ್ಟು ಬಂದರೆ ಥೇಟ್ ನೀನೇ, ಮೂಗಿನ ತುದಿ ಕೆಂಪಾಗುತ್ತದೆ.

ಮಧ್ಯಾಹ್ನ ಮೈಯ ಉಪ್ಪು ತೊಳೆಯಲು ಒಂದು ಖನಿಜ ನೀರಿನ ಬುಗ್ಗೆಗೆ ಹೋದೆವು. ಸುತ್ತ ದಟ್ಟ ಹಸಿರು, ಕಲ್ಲಿನ ಸಂದಿಯಿಂದ ಧಾರೆಯಾಗಿ ಬೀಳುವ ನೀರು, ಕೆಳಗೆ ಎದೆಮಟ್ಟದ ಕೊಳ. ನೆಲದೊಳಗಿನ ಖನಿಜವೆಲ್ಲ ಅದರಲ್ಲಿ ಕರಗಿದೆಯಂತೆ, ಚರ್ಮಕ್ಕೂ ಕೀಲುನೋವಿಗೂ ಒಳ್ಳೆಯದಂತೆ. ಅಷ್ಟು ಕೇಳಿದ್ದೇ ತಡ, ಬಗ್ಗಿ ಬಗ್ಗಿ ಬೆನ್ನು ಹೋದ ನಮ್ಮವರೆಲ್ಲ ಸಾಲಾಗಿ ಧಾರೆಗೆ ಬೆನ್ನು ಕೊಟ್ಟು ನಿಂತರು. ಈಜು ಬಲ್ಲವರು ಮೂರೇ ಮಂದಿ, ಉಳಿದವರು ಕೈಕಾಲು ಬಡಿದೆವು. ನಮ್ಮ ಬೆರಳಿಗೆ ಹತ್ತಿದ ಜೀನ್ಸಿನ ನೀಲಿ ಮಾತ್ರ ಆ ನೀರಿಗೂ ಬಗ್ಗಲಿಲ್ಲ.

ನಾನು ಒಂದು ಕಲ್ಲು ಹಿಡಿದು ತೇಲುವುದನ್ನು ಕಲಿಯುತ್ತಿದ್ದೆ, ಪವಿ ಈಜುತ್ತ ಹತ್ತಿರ ಬಂದಳು. "ಚಿಗವ್ವಾ, ನಿನಗ ಒಂದು ಕೇಳ್ಲೇನು? ನಾ ಹೊಲಿಯೋದು ಚಲೋ ಐತೇನು?" ನಾನು ಮಾತು ತೇಲಿಸಲು ಹೋದೆ. ಅವಳು ಬಿಡಲಿಲ್ಲ. "ಖರೇ ಹೇಳು. ಅವ್ವ ಹೋದಾಗಿಂದ ನಾ ಹೊಲಿದಿದ್ದು ಒಂದೂ ವಾಪಸ್ ಬಂದಿಲ್ಲ. ಡೊಂಕು ಹೊಲಿದ್ರೂ ಪಾಸ್. ಎಲ್ಲಾರೂ ಪಾಪ ಅಂತಾರ, ತಲಿ ಸವರ್ತಾರ. ನನಗ ಏನು ಬರ್ತೈತಿ, ಏನು ಬರಂಗಿಲ್ಲ, ನನಗಽ ಗೊತ್ತಿಲ್ಲ. ಇವತ್ತು ನೀ ಆಗಂಗಿಲ್ಲ ಅಂದೆಲ್ಲ… ಸಿಟ್ಟು ಬಂತು, ಖರೇನ. ಆದ್ರ ನಮ್ಮವ್ವನ ಕೈ ಮುಟ್ಟಿದಂಗಾತು."

ಕಲ್ಲು ಕೈಬಿಟ್ಟು ಮುಳುಗಿದೆ. ಅವಳೇ ಜಡೆ ಹಿಡಿದು ಎತ್ತಿದಳು. ಕೆಮ್ಮಿ ಕೆಮ್ಮಿ ಉಸಿರು ಬಂದ ಮೇಲೆ ಹೇಳಿದೆ, "ಜೇಬು ಚಲೋ ಹೊಲಿತಿ. ಒಳಗಾಲಿನ ಹೊಲಿಗಿ ಅಗದಿ ಹೊಲಸು." ಅವಳು ನಕ್ಕಳು ಅಕ್ಕಾ, ವರ್ಷವೆಲ್ಲ ಕೂಡಿಟ್ಟಿದ್ದ ನಗು. ಧಾರೆಯ ಕೆಳಗಿದ್ದವರೂ ತಿರುಗಿ ನೋಡಿದರು.

ಸೋಮವಾರ ಬೆಳಿಗ್ಗೆ ಮಾಲಕರು ಕೇಳುವ ಮೊದಲೇ ಹೋಗಿ ನಿನ್ನ ಟೇಬಲ್ಲಿಗೆ ಕೂತೆ. ಮೊದಲ ಬಂಡಲ್ ಪವಿಯದೇ. ಹನ್ನೆರಡು ಪ್ಯಾಂಟಿನಲ್ಲಿ ಏಳು ವಾಪಸ್. ಅವಳು ಬಿಚ್ಚಿ ಹೊಲಿದು ತಂದಳು, ಅದರಲ್ಲಿ ಮೂರು ವಾಪಸ್. ಬುಧವಾರ ಇಡೀ ಸಾಲಿಗೆ ಕೇಳುವಂತೆ, "ಈಕಿ ನಮ್ಮವ್ವಗಿಂತ ಕೆಟ್ಟಾಕಿ ಅದಾಳ!" ಅಂತ ಬೈದಳು. ನನಗೆ ಇದಕ್ಕಿಂತ ದೊಡ್ಡ ಹೆಸರು ಬೇಡ.

ಇವತ್ತು ಶನಿವಾರ. ಊಟದ ಬಿಡುವಿನಲ್ಲಿ ಬಂಡಲ್ಲಿನ ಚೀಟಿಗಳ ಹಿಂದೆ ಇದನ್ನು ಬರೆಯುತ್ತಿದ್ದೇನೆ. ನಿನಗೆ ತಲುಪುತ್ತದೋ ಇಲ್ಲವೋ, ಈ ಸುದ್ದಿ ಮೊದಲು ನಿನಗೇ ಹೇಳಬೇಕು: ನಿನ್ನ ಮಗಳ ಬೆಳಗಿನ ಬಂಡಲ್ಲಿನಲ್ಲಿ ಒಂದೂ ವಾಪಸ್ ಇಲ್ಲ. ಹನ್ನೆರಡಕ್ಕೆ ಹನ್ನೆರಡು ಪಾಸು. ಒಂದೊಂದನ್ನೂ ಎರಡೆರಡು ಸಲ ಎಳೆದು ನೋಡಿಯೇ ಹೇಳುತ್ತಿದ್ದೇನೆ, ಅಕ್ಕಾ.

ನಿನ್ನ
ರೇಣಿ