ಹೊಲಿಗೆ ಅಕ್ಕನ ಕೆಮ್ಮು

ಗುರುವಾರ, ೧೪

ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಹಾಳಾಗಿ ಹೋಗಲಿ.

ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಮುಚ್ಚಿ, ಮನೆಮನೆಗೆ ಸೋಲಾರ್ ಕೊಡಿ ಎಂದು ಇವತ್ತು ಸಭೆಯಲ್ಲಿ ಮಾತಾಡಿದೆ. ಅಂಕಿಅಂಶ ಹೇಳಿದರೆ ಜನ ಆಕಳಿಸುತ್ತಾರೆ, ಯಾರಾದರೂ ಒಬ್ಬರ ಕಥೆ ಹೇಳಿ ಎಂದು ಹೊಸಬರಿಗೆ ಕಲಿಸುವವಳು ನಾನೇ ತಾನೇ. ಹೊಲಿಗೆ ಅಕ್ಕನ ಕಥೆ ಹೇಳಿಬಿಟ್ಟೆ. ಮಗ ಕೆಲಸಕ್ಕೆ ಹೊರಡುವವರೆಗೂ ಸ್ಥಾವರದ ಹೊಗೆಯಿಂದ ಬಂದ ಕೆಮ್ಮು ಅದುಮಿಟ್ಟುಕೊಂಡು, ಅವನು ಬೀದಿಯ ತಿರುವು ದಾಟಿದ ಮೇಲೆ ಹೊಲಿಗೆ ಮಿಷನ್ ನಿಲ್ಲಿಸಿ ಇನ್‌ಹೇಲರ್ ಎಳೆದುಕೊಳ್ಳುವ ತಾಯಿ. ಹೆಸರು ಹೇಳಲಿಲ್ಲ, ನಿಜ. ನಮ್ಮ ಬೀದಿಯಲ್ಲಿ ಹೊಲಿಯುವವರು ಅವರೊಬ್ಬರೇ ಎಂಬುದು ಮಾತ್ರ ಮೈಕಿನ ಮುಂದೆ ಹೊಳೆಯಲಿಲ್ಲ.

ಮಗ ದುಡಿಯುವುದು ಅದೇ ಸ್ಥಾವರದಲ್ಲಿ. ಶಿಫ್ಟ್ ಮುಗಿಸಿ ಬಂದು ಬಾಗಿಲ ಹತ್ತಿರ ನಿಂತಿದ್ದ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವನು ಹೆಲ್ಮೆಟ್ ಅವುಚಿಕೊಂಡು, ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿಯನ್ನೇ ನೋಡುತ್ತಿದ್ದ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ. ಅವನಿಗೆ ಗೊತ್ತಾದ್ರೆ ಕೆಲಸ ಬಿಟ್ಟಾನು." ಹೋದ ತಿಂಗಳು ನನ್ನ ಕೋಟಿನ ಅಳತೆ ತೆಗೆಯುತ್ತಾ ಅಕ್ಕ ಹೇಳಿದ್ದು. ಟೇಪು ನನ್ನ ಕೊರಳಲ್ಲೇ ಇತ್ತು.

ಸಭೆ ಮುಗಿದ ಮೇಲೆ ಅಕ್ಕನ ಕೈ ಹಿಡಿದುಕೊಂಡೆ. "ತಪ್ಪಾಯ್ತಕ್ಕಾ."

ಬೈದಿದ್ದರೆ ಚೆನ್ನಾಗಿತ್ತು. "ಒಳ್ಳೇದಕ್ಕೇ ಹೇಳಿದ್ಯಲ್ಲ, ಬಿಡು," ಎಂದರು. ಆಮೇಲೆ ಮೆಲ್ಲಗೆ, "ಇನ್ನು ಅವನೆದುರು ಹೇಗೆ ಕೆಮ್ಮಲಿ, ಹೇಳು?"

ಇದನ್ನು ಬೇರೆ ಯಾರಿಗೂ ಹೇಳಲಾರೆ. ಅವರ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು, ಆಗಲೇ ನನ್ನ ದರಿದ್ರ ತಲೆಗೆ ಹೊಳೆಯಿತು: ಮುಂದಿನ ಸಭೆಯನ್ನು ಈ ಮಾತಿನಿಂದಲೇ ಶುರು ಮಾಡಬಹುದು.