ಈಟಿ ಹಿಡಿದ ಅತ್ತೆ

ಕೋಲಾರ
ಬುಧವಾರ

ಸೌಭಾಗ್ಯವತಿ ಶಿವಾನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ಬೈರಕೂರಿನ ತವರಿಗೆ ಹೋಗಿ ಹದಿನೆಂಟು ದಿನವಾಯಿತು. ಮಧ್ಯಾಹ್ನ ನಾವಿಬ್ಬರೂ ಟಿವಿ ಮುಂದೆ ಕೂತು ಆಡುತ್ತಿದ್ದ ಕತ್ತಿ ಕಾಳಗದ ಗೇಮ್ ನೆನಪಾಗುತ್ತದೆ. ಯಾವ ಬಟನ್ ಯಾವುದಕ್ಕೆಂದು ನಾನು ಕಲಿಯಲೇ ಇಲ್ಲ, ಸಿಕ್ಕಿದ್ದನ್ನು ಒತ್ತುತ್ತಿದ್ದೆ. ಆದರೂ ಈಟಿ ಹಿಡಿದ ನನ್ನ ಹೆಂಗಸು ಗೆದ್ದರೆ, "ಅತ್ತೆ, ಇದು ಮೋಸ!" ಎಂದು ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಅವತ್ತೂ ಹೀಗೇ ಆಡುತ್ತಾ ಕೂತಿದ್ದಾಗ ಸಾರು ಸೀದುಹೋಯಿತು. ನರಸಾಪುರದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ನನ್ನ ಮಗ ಭೀಮರಾಜ್, "ನಿಮ್ಮಮ್ಮ ಕಲ್ಸಿದ್ದು ಇದೇನಾ?" ಎಂದು ನಿನ್ನ ಮೇಲೆ ಕೂಗಾಡಿದ. ನಾನು, "ನಂಗೇನ್ ಗೊತ್ತಪ್ಪಾ, ಅವಳೇ ಆಡ್ತಿರ್ತಾಳೆ" ಎಂದುಬಿಟ್ಟೆ. ನೀನು ನನ್ನನ್ನು ನೋಡಿದೆ, ಮರುದಿನವೇ ತವರಿಗೆ ಹೊರಟೆ. ನೀನು ಅಡುಗೆಮನೆಗೆ ಎದ್ದಾಗ, ಇನ್ನೊಂದೇ ಆಟ ಎಂದು ಕೈ ಹಿಡಿದು ಕೂರಿಸಿದವಳು ನಾನು.

ನಿನ್ನೆ ಮಗನಿಗೆ ಎಲ್ಲ ಹೇಳಿದೆ. "ಅವತ್ತೇ ಯಾಕೆ ಹೇಳ್ಲಿಲ್ಲಮ್ಮಾ?" ಎಂದ. ಸೊಸೆಯೆದುರು ಬೈಸಿಕೊಳ್ಳಲು ನಾಚಿಕೆಯಾಯಿತು ಎಂದೆ. ಅವನು ಊಟ ಬಿಟ್ಟು ಎದ್ದ.

ಭಾನುವಾರ ಇಬ್ಬರೂ ಬರುತ್ತೇವೆ. ನಮಗೆಂದು ಅಡುಗೆ ಮಾಡಬೇಡಿ. ನಿಮ್ಮಮ್ಮನಿಗೆ ಮನೆಯಲ್ಲೇ ಇರಲು ಹೇಳು, ತಪ್ಪಾಯಿತೆಂದು ಅವರೆದುರೇ ಹೇಳಬೇಕು. ಜೊತೆಗೆ ಬರುವುದು ಬಿಡುವುದು ನಿನ್ನಿಷ್ಟ. ನಾನು ಬಾ ಎಂದು ಕೇಳುವುದಿಲ್ಲ.

ಇಂತಿ,
ಕದಿರಮ್ಮ