ನನ್ನ ಪಾಲಿನ ಖಡಕ್ ರೊಟ್ಟಿ

ಸಂಕೇತ,

ಇವತ್ತು ಬೆಟ್ಟದ ಮೇಲೆ ಮೊಣಕಾಲುದ್ದ ಹೊಸ ಹಿಮ ಬಿದ್ದಿತ್ತು, ಜೋಳದ ಹಿಟ್ಟಿನಂತೆ ನುಣ್ಣಗೆ. ವರ್ಷವಿಡೀ ನೀನು ಕಾಯುತ್ತಿದ್ದದ್ದು ಇಂಥದ್ದಕ್ಕೇ. ಮೆಲ್ಬರ್ನ್‌ನಿಂದ ನಾವು, ಸಿಡ್ನಿಯಿಂದ ನಿಮ್ಮ ಕೆಲ್ಲಿವಿಲ್ ಗ್ಯಾಂಗು, ಎಲ್ಲರೂ ಸೇರಿದ್ದೆವು. ನಿನ್ನ ಹೆಂಡತಿ ಶೀತಲಳೂ ಬಂದಿದ್ದಳು, ನಿನ್ನ ನೀಲಿ ಜಾಕೆಟ್ ಹಾಕಿಕೊಂಡು. ನೀನು ತೀರಿಕೊಂಡ ಮೇಲೆ ಅದನ್ನು ಹೊರಗೆ ತೆಗೆದದ್ದು ಇದೇ ಮೊದಲಂತೆ.

ನಾನು ಒಂದು ಸಲವೂ ಬೀಳದೆ ಸ್ಕೀ ಮಾಡುತ್ತಾ ಕೆಳಗಿಳಿದೆ, ದೋಸ್ತ! ಉಳಿದವರು ಇನ್ನೂ ಮೇಲೆಯೇ ಇದ್ದರು. ತಿರುಗಿ ನೋಡಿದರೆ ಇಡೀ ಇಳಿಜಾರಿನಲ್ಲಿ ನನ್ನದೊಂದೇ ಗೆರೆ.

ಅವರೂ ಇಳಿದ ಮೇಲೆ, ಮತ್ತೆ ಮೇಲೆ ಹೋಗಲು ತಂತಿಗೆ ತೂಗುವ ಕುರ್ಚಿ-ಲಿಫ್ಟಿನಲ್ಲಿ ಕೂತಾಗ ಪಕ್ಕದಲ್ಲಿದ್ದ ಶೀತಲ ನಿನ್ನ ಜಾಕೆಟ್ಟಿನ ಒಳಜೇಬಿಗೆ ಕೈಹಾಕಿ ಫಾಯಿಲ್ ಸುತ್ತಿದ ಪೊಟ್ಟಣ ತೆಗೆದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಪ್ರತಿ ವರ್ಷ ಇಲ್ಲಿಗೆ ಬರುವಾಗ ಪ್ರತಿಯೊಬ್ಬರಿಗೂ ಇಂಥದ್ದೊಂದು ಪೊಟ್ಟಣ ತರುತ್ತಿದ್ದೆಯಲ್ಲ.

"ಹೋದ ವರ್ಷದ್ದು ರೀ. ಎಲ್ಲಾರಿಗೂ ಕೊಟ್ರು, ಇದೊಂದ ಉಳೀತು. ನೀವು ಬರ್ತೀರಂತ ಸಂಜೀತನಕ ಕಾದ್ರು. ನಮಗ ಮುಟ್ಟಾಕ ಬಿಡಲಿಲ್ಲ."

ಆಫೀಸಿನ ಕೆಲಸವಿದೆ, ಬರಲಾಗದು ಎಂದು ನಾನು ಅವತ್ತು ಬೆಳಿಗ್ಗೆಯೇ ನಿನಗೆ ಮೆಸೇಜ್ ಹಾಕಿದ್ದೆನಲ್ಲ.

ರೊಟ್ಟಿ ಚೂರಾಗಿತ್ತು, ಆದರೂ ಖಡಕ್ಕಾಗಿಯೇ ಇತ್ತು. ಪೂರ್ತಿ ತಿಂದೆ. ಗಾಗಲ್ಸ್ ಮಾತ್ರ ತೆಗೆಯಲಿಲ್ಲ.